ಬಚ್ಚಲ ಬಾಗಿಲ ಆಚೆಯವರು

ಭಾನುವಾರ, ಮಾರ್ಚ್ 3

ಪುಸ್ತಕವೇ, ನನಗೆ ಒಡಹುಟ್ಟಿದ ತಂಗಿ ಇಲ್ಲ. ಹಾಗಾಗಿ ನೀನೇ ನನ್ನ ತಂಗಿ. ಎದುರುತ್ತರ ಕೊಡದ ತಂಗಿ ಎಲ್ಲರ ಹಣೆಯಲ್ಲೂ ಬರೆದಿರುವುದಿಲ್ಲ.

ಇವತ್ತು ವಾರಗಿತ್ತಿಯ ಮನೆಯಲ್ಲಿ ಊಟ. ಅವಳ ಹೊಸ ಬೀಗಿತ್ತಿ ನನ್ನ ಪಕ್ಕ ಕೂತಿದ್ದರು. ಒಳ್ಳೆಯ ಹೆಂಗಸು. "ನೀವೇನ್ ಮಾಡ್ಕೊಂಡಿದೀರಿ?" ಎಂದು ನಗುತ್ತಾ ಕೇಳಿದರು. ಬಾಯಲ್ಲಿದ್ದ ತುತ್ತನ್ನು ನಾನು ನುಂಗುವಷ್ಟರಲ್ಲಿ ವಾರಗಿತ್ತಿಯೇ ನನ್ನ ಪರವಾಗಿ ಉತ್ತರ ಕೊಟ್ಟಾಯಿತು.

"ಏನೂ ಇಲ್ಲ, ಅವಳು ಮನೇಲೇ ಇರ್ತಾಳೆ."

ನೋಡಿದೆಯಾ! ನಾನು ಜಾಹೀರಾತಿನ ಸಾಲು ಬರೆಯಲು ಶುರುಮಾಡಿದಾಗ ಇವಳು ಈ ಮನೆತನಕ್ಕೆ ಸೊಸೆಯಾಗಿ ಕಾಲಿಟ್ಟಿರಲೇ ಇಲ್ಲ. "ಏಳಲು ಮನಸ್ಸಾಗದಿದ್ದರೆ ತಪ್ಪು ನಿಮ್ಮದಲ್ಲ" ಎಂಬ ಹಾಸಿಗೆ ಅಂಗಡಿಯ ಸಾಲು ಊರ ತುಂಬ ಬಸ್ಸುಗಳ ಬೆನ್ನ ಮೇಲೆ ಓಡಾಡಿತ್ತಲ್ಲ, ಅದು ನನ್ನ ಅಡುಗೆಮನೆಯಲ್ಲಿ ಹುಟ್ಟಿದ್ದು. ಅದನ್ನು ಓದಿಯೇ ಇವಳು ಆ ಹಾಸಿಗೆ ಕೊಂಡಳು. ರಾತ್ರಿಯೆಲ್ಲ ನನ್ನ ಕೆಲಸದ ಮೇಲೆ ಮಲಗುತ್ತಾಳೆ, ಬೆಳಿಗ್ಗೆ ಎದ್ದು ನನಗೆ ಕೆಲಸವಿಲ್ಲ ಅನ್ನುತ್ತಾಳೆ. ಅವಳ ಕೊರಿಯರ್ ಬಂದರೆ ನಮ್ಮ ಮನೆ ವಿಳಾಸ. ಅವಳ ಗ್ಯಾಸ್ ರಿಪೇರಿಯವನಿಗೆ ಬಾಗಿಲು ತೆಗೆಯಲು ನಾನು. ಯಾಕೆಂದರೆ ನಾನು ಮನೆಯಲ್ಲೇ ಇರುತ್ತೇನೆ.

ಹೋದ ವಾರ ಒಂದು ದೊಡ್ಡ ಮಾರ್ಕೆಟಿಂಗ್ ಕಂಪನಿಯಿಂದ ಫೋನು ಬಂದಿತ್ತು. ಅವರಲ್ಲಿ ಸಾಲು ಬರೆಯುವ ಹುಡುಗಿ ಹೆರಿಗೆಗೆ ಹೋಗಿದ್ದಾಳೆ. ಮೇ ಕೊನೆಯವರೆಗೆ ಬನ್ನಿ, ಹೊಂದಿಕೊಂಡರೆ ಖಾಯಂ ಮಾಡುತ್ತೇವೆ ಎಂದಿದ್ದರು. ಅರುವತ್ತರ ಹೊಸ್ತಿಲಲ್ಲಿ ಯಾರಿಗೆ ಬೇಕು ಈ ಓಡಾಟ ಎಂದು ಮುಂದೂಡುತ್ತಲೇ ಇದ್ದೆ. ಇವತ್ತು ಕೈ ತೊಳೆಯುವ ತೊಟ್ಟಿಯ ಹತ್ತಿರವೇ ನಿಂತು ಫೋನು ಮಾಡಿ "ಬರ್ತೀನಿ" ಎಂದುಬಿಟ್ಟೆ.

ನನಗೆ ಬೇಕಾದದ್ದು ಒಂದೇ, ತಂಗಿ. ಕೊರಳಲ್ಲಿ ಪಟ್ಟಿ ಕಟ್ಟಿ ತೂಗುಹಾಕುತ್ತಾರಲ್ಲ, ಫೋಟೊ ಇರುವ ಆ ಕಾರ್ಡು. ಖಾಯಂ ಆದ ಮೇಲೆ ಅದನ್ನು ಹಾಕಿಕೊಂಡೇ ವಾರಗಿತ್ತಿಯ ಮನೆಯಲ್ಲಿ ಊಟಕ್ಕೆ ಕೂರುತ್ತೇನೆ.

ಶನಿವಾರ, ಮಾರ್ಚ್ 9

ಸೋಮವಾರದಿಂದ ಆಫೀಸು. ಇಲ್ಲಿಯವರೆಗೆ ನನ್ನ ದಿನ ಹೇಗಿತ್ತು ಎಂದು ಬರೆದಿಡುತ್ತೇನೆ, ಮುಂದೆ ಮರೆತುಹೋದೀತು.

ಬೆಳಿಗ್ಗೆ ಎದ್ದು ಇಬ್ಬರಿಗೂ ಕಾಫಿ. ತರಕಾರಿ ಹೆಚ್ಚುತ್ತಾ ಯೋಚನೆ. ನನಗೆ ಕೈ ಸುಮ್ಮನಿದ್ದರೆ ತಲೆ ಓಡುವುದಿಲ್ಲ; ಬಟಾಣಿ ಸುಲಿಯುವಾಗ ಬಂದಷ್ಟು ಸಾಲು ಮೇಜಿನ ಮುಂದೆ ಕೂತಾಗ ಎಂದೂ ಬಂದಿಲ್ಲ. ಸರಿಯಾಗಿ ಊಟಕ್ಕೆ ಕೂತಾಗ ಹಾಸಿಗೆ ಅಂಗಡಿಯವರ ಫೋನು. ಬಂದರೆ ಎಲ್ಲ ಕೆಲಸವೂ ಒಟ್ಟಿಗೆ ಬರುತ್ತದೆ, ಇಲ್ಲದಿದ್ದರೆ ತಿಂಗಳುಗಟ್ಟಲೆ ನೊಣ ಹೊಡೆಯುವುದು. ಭಾನುವಾರ ಎಂಬುದು ಬೇರೆಯವರ ಮನೆಯ ಹಬ್ಬ. ಜ್ವರ ಬಂದರೆ ರಜೆ ಕೊಡುವವರೂ ನಾನೇ, ಕೊಡದವರೂ ನಾನೇ.

ಇನ್ನು ಇವರ ವಿಷಯ. ನಮ್ಮ ಮನೆಯವರು ಅಚ್ಚುಕೂಟದಲ್ಲಿ ಯಂತ್ರ ನಡೆಸಿ ನಿವೃತ್ತರಾದವರು. ಆ ಯಂತ್ರ ಇವರ ಕಿವಿಯನ್ನು ಅರ್ಧ ತಿಂದು, ಮಿಕ್ಕ ಅರ್ಧವನ್ನು ನನಗೆ ಬಿಟ್ಟಿದೆ. ಆ ಅರ್ಧದ ಮೇಲೇ ನನ್ನ ಕಸುಬು ನಿಂತಿರುವುದು. ಇವರು ಸ್ನಾನಕ್ಕೆ ಹೋಗಿ ಬಾಗಿಲು ಹಾಕಿ ನಲ್ಲಿ ತಿರುವಿದ ಮೇಲೆ ನಾನು ಹೊರಗೆ ನಿಂತು ಸಾಲನ್ನು ಕೂಗುತ್ತೇನೆ, ಒಂದೇ ಸಲ. ಹೊರಗೆ ಬಂದಮೇಲೆ ಇವರ ಬಾಯಿಂದ ಅದು ಹಾಗೇ ವಾಪಸ್ ಬಂದರೆ ಸಾಲು ಪಾಸು. ಬಾರದಿದ್ದರೆ ಕಸದ ಬುಟ್ಟಿ. ಬಾಗಿಲು, ನೀರು, ಕಿವುಡು ಮೂರನ್ನೂ ದಾಟಿದ ಮಾತು ಓಡುವ ಬಸ್ಸಿನಿಂದಲೂ ಜನರ ತಲೆಗೆ ಇಳಿಯುತ್ತದೆ. ನಾನು ಹತ್ತನೇ ತರಗತಿಯವರೆಗೆ ಓದಿದವಳು. ನನಗೆ ಗೊತ್ತಿರುವ ಮಾರ್ಕೆಟಿಂಗ್ ಇಷ್ಟೇ.

ಇವತ್ತು ದಿಂಬಿನ ಸಾಲಿಗೆ ಪರೀಕ್ಷೆಯಾಯಿತು. "ತಲೆಭಾರ ನಮಗೆ ಕೊಡಿ!" ಎಂದು ಕೂಗಿದೆ.

ಒಳಗಿನಿಂದಲೇ ಬಂತು: "ತಲೆಭಾರ ನಮಗೆ ಕೊಡಿ. ನೀಲಿ ಟವೆಲ್ ನಂಗೆ ಕೊಡು."

ಪಾಸು.

ಸೋಮವಾರ, ಮಾರ್ಚ್ 11

ಕಾರ್ಡು ಬಂತು! ಫೋಟೊದಲ್ಲಿ ಎದುರಿಗೆ ಹಾವು ಕಂಡವಳ ಹಾಗಿದ್ದೇನೆ, ಇರಲಿ. ಅದನ್ನು ಒಂದು ಡಬ್ಬಿಗೆ ಮುಟ್ಟಿಸಿದರೆ ಗಾಜಿನ ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಬೇಕಿಲ್ಲದಿದ್ದರೂ ಹೊರಗೆ ಹೋಗಿ ಒಳಗೆ ಬಂದೆ. ಕಾವಲಿನವರು "ಏನಮ್ಮಾ, ಏನಾದ್ರೂ ಮರೆತ್ರಾ?" ಎಂದರು. "ಹೂಂ" ಎಂದೆ.

ಕುರ್ಚಿ ಸುತ್ತಲೂ ತಿರುಗುತ್ತದೆ. ಕಾಫಿ ಕೊಡುವ ಯಂತ್ರವಿದೆ, ಅದಕ್ಕೆ ಮಾತ್ರ ಕಾಫಿ ಎಂದರೇನು ಎಂದು ಯಾರೂ ಹೇಳಿಕೊಟ್ಟಿಲ್ಲ. ಮೀಟಿಂಗ್ ಕೋಣೆಗಳಿಗೆ ಹಕ್ಕಿಗಳ ಹೆಸರು: ಗುಬ್ಬಿ, ನವಿಲು, ಹದ್ದು. ನನ್ನ ಮೇಲಿನ ಮ್ಯಾನೇಜರ್ ಮಗಳ ವಯಸ್ಸಿನವಳು, ಚುರುಕಿನ ಹುಡುಗಿ. ಏನು ಹೇಳಿದರೂ ಎದ್ದು ಗಾಜಿನ ಗೋಡೆಯ ಮೇಲೆ ಬರೆಯುತ್ತಾಳೆ. ಬೋರ್ಡಮ್ಮ ಎಂದು ಹೆಸರಿಟ್ಟಿದ್ದೇನೆ, ನಿನ್ನಲ್ಲೇ ಇರಲಿ. ಎಲ್ಲರ ಸಮಯವನ್ನೂ ಕಂಪ್ಯೂಟರಿನಲ್ಲಿ ಹಂಚುವವನು ಕ್ಯಾಲೆಂಡರಪ್ಪ.

ಸಂಜೆ ಕಾರ್ಡು ತೋರಿಸಿದಾಗ ಇವರು ಕನ್ನಡಕ ಹಾಕಿಕೊಂಡು ಎರಡೂ ಕಡೆ ನೋಡಿದರು. "ಅಚ್ಚು ಚೆನ್ನಾಗಿದೆ. ಹೆಂಗಸು ಯಾರು?" ಎಂದರು.

ಬುಧವಾರ, ಮಾರ್ಚ್ 20

ಹೊಗಳಬೇಕಾದದ್ದನ್ನು ಹೊಗಳಲೇಬೇಕು. ಪ್ರಿಂಟರು ಕೆಟ್ಟರೆ ನಾನು ಅದರ ಹೊಟ್ಟೆಗೆ ಕೈ ಹಾಕಬೇಕಿಲ್ಲ, ಒಬ್ಬರು ಬರುತ್ತಾರೆ. ಭಾನುವಾರ ನಿಜವಾಗಿಯೂ ಭಾನುವಾರ. ಮಧ್ಯಾಹ್ನ ನಾಲ್ಕಾರು ಜನ ಸೇರಿ ನಕ್ಕು ಊಟ ಮಾಡುತ್ತೇವೆ. ಇಷ್ಟು ವರ್ಷ ನನ್ನ ಸಹೋದ್ಯೋಗಿಯೆಂದರೆ ಒಲೆಯೊಂದೇ ಆಗಿತ್ತು. ಅದು ನಕ್ಕಿದ್ದು ನಾನಂತೂ ನೋಡಿಲ್ಲ.

ಆದರೆ ಒಂದು ಕಷ್ಟ. ಬೆಳಗಿನಿಂದ ಸಂಜೆಯವರೆಗೆ ಮೀಟಿಂಗು. ಮೀಟಿಂಗಿಗೆ ಮುಂಚೆ, ಮೀಟಿಂಗಿನಲ್ಲಿ ಏನು ಮಾತಾಡಬೇಕು ಎಂಬ ಮೀಟಿಂಗು. "ಯೋಚನೆ ಮಾಡೋದ್ಯಾವಾಗಪ್ಪಾ?" ಎಂದು ಕ್ಯಾಲೆಂಡರಪ್ಪನನ್ನು ಕೇಳಿದೆ.

"ಅಯ್ಯೋ ಆಂಟಿ, ಮೊದ್ಲೇ ಹೇಳ್ಬಾರ್ದಾ?" ಎಂದು ಟಕಟಕ ಒತ್ತಿದ. ಈಗ ದಿನಾ ಮಧ್ಯಾಹ್ನ ಮೂರಕ್ಕೆ ನನ್ನ ಹೆಸರಿನಲ್ಲಿ "ಯೋಚನೆ" ಎಂಬ ಹಸಿರು ಚೌಕ ಬಂದಿದೆ. ನಿನ್ನೆ ಆ ಹೊತ್ತಿಗೆ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆ. ಆಚೆ ಮೇಜಿನವರು ಬಂದು "ಫ್ರೀ ಇದೀರಾ?" ಎಂದರು. ಇಲ್ಲೂ ಅದೇ! ಈಗ ಯೋಚನೆ ಮಾಡುವಾಗ ಮೌಸನ್ನು ಅಲ್ಲಾಡಿಸುತ್ತಿರುತ್ತೇನೆ, ಯಾರೂ ಬರುವುದಿಲ್ಲ.

ನನಗೆ ಕೊಟ್ಟಿರುವುದು ಒಂದು ಸದ್ದು ಮಾಡದ ಫ್ಯಾನು. ದೊಡ್ಡ ಗಿರಾಕಿ. ಇದರ ಸಾಲು ಗೆದ್ದರೆ ನನ್ನ ಖಾಯಂ ಗೆದ್ದ ಹಾಗೆ ಎಂದು ಬೋರ್ಡಮ್ಮ ಬಾಯಿಬಿಟ್ಟೇ ಹೇಳಿದ್ದಾಳೆ. ಬೆಳಿಗ್ಗೆ ಬಚ್ಚಲ ಬಾಗಿಲಿಗೆ ಕೂಗಿದೆ: "ಗಾಳಿ ಬಂತು, ಸದ್ದು ಬರಲಿಲ್ಲ!" ಇವರು ತಲೆ ಒರೆಸಿಕೊಳ್ಳುತ್ತಾ ಬಂದು ಹಾಗೇ ವಾಪಸ್ ಕೊಟ್ಟರು. ಪಾಸು. ಖುಷಿಯಲ್ಲಿ ಬಸ್ಸು ತಪ್ಪಿಸಿಕೊಂಡೆ.

ಗುರುವಾರ, ಏಪ್ರಿಲ್ 4

ಇವತ್ತು ಹದ್ದಿನ ಕೋಣೆಯಲ್ಲಿ ನನ್ನ ಸಾಲಿನ ರಿವ್ಯೂ. ಏಳು ಜನ.

ಒಬ್ಬರು, "ಚೆನ್ನಾಗಿದೆ, ಆದ್ರೆ ತಂತ್ರಜ್ಞಾನ ಕಾಣಿಸ್ತಿಲ್ಲ" ಎಂದರು. ತಂತ್ರಜ್ಞಾನ ಹಾಕಿದೆವು. ಇನ್ನೊಬ್ಬರು, "ಕುಟುಂಬ ಎಲ್ಲಿ?" ಎಂದರು. ಕುಟುಂಬವನ್ನು ಕರೆತಂದು ಕೂರಿಸಿದೆವು. ಮತ್ತೊಬ್ಬರಿಗೆ "ಬರಲಿಲ್ಲ" ಎಂಬುದು ಅಪಶಕುನ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು, ಬೋರ್ಡಮ್ಮ ಎಲ್ಲವನ್ನೂ ಗೋಡೆಯ ಮೇಲೆ ಬರೆದಳು. ಕೊನೆಗೆ ಉಳಿದದ್ದು ಇದು:

"ಅತ್ಯಾಧುನಿಕ ನಿಶ್ಶಬ್ದ ತಂತ್ರಜ್ಞಾನದೊಂದಿಗೆ ನಿಮ್ಮ ಕುಟುಂಬದ ನೆಮ್ಮದಿಯ ಹೊಸ ಪಯಣ."

ಮೊದಲು ಅದರಲ್ಲಿ ನನ್ನ ಮಾತು ಎಲ್ಲಿದೆ ಎಂದು ಹುಡುಕಿದೆ. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಓದುತ್ತಾ ಓದುತ್ತಾ ಅದಕ್ಕೊಂದು ಘನತೆ ಇದೆ ಅನ್ನಿಸಿತು. ನನ್ನದು ತೀರಾ ಮನೆ ಮಾತಾಗಿತ್ತೇನೋ. ದೊಡ್ಡ ಜಾಗದಲ್ಲಿ ದೊಡ್ಡ ಮಾತೇ ಬೇಕು.

ಶನಿವಾರ, ಏಪ್ರಿಲ್ 6

ಹೊಸ ಸಾಲನ್ನು ಬಾಗಿಲಿಗೆ ಕೂಗಿದೆ. ಉಸಿರು ಸಾಲದೆ ನಡುವೆ ಒಮ್ಮೆ ನಿಲ್ಲಬೇಕಾಯಿತು.

ಇವರು ಹೊರಗೆ ಬಂದು ನನ್ನ ಮುಖ ನೋಡಿದರು. "ಯಾರೋ ಪ್ರಯಾಣ ಹೊರಟಿದಾರೆ ಅಂತ ಕೇಳಿಸ್ತು. ಯಾರೇ?"

"ಯಾರೂ ಹೊರಟಿಲ್ಲ. ಸಾಲು ಅದು."

"ಎಷ್ಟು ಸಾಲು?"

"ಒಂದೇ!"

"ಹಂಗಾದ್ರೆ ಫೇಲು."

"ಏಳು ಜನ ಓದಿರೋರು ಪಾಸು ಮಾಡಿದಾರೆ. ನಿಮಗೆ ಕಿವಿ ಕೇಳ್ಸಲ್ಲ, ಅಷ್ಟೇ" ಎಂದೆ.

"ಅದೂ ನಿಜವೇ" ಎಂದು ಅಂಗಿ ಹಾಕಿಕೊಳ್ಳಲು ಹೋದರು.

ಸರಿಯಾಗಿಯೇ ಹೇಳಿದೆ. ಎಲ್ಲದಕ್ಕೂ ಒಂದು ಕ್ರಮ ಅಂತ ಇರುತ್ತದೆ. ಒದ್ದೆ ತಲೆಯವರೊಬ್ಬರನ್ನು ಕೇಳಿಕೊಂಡು ಕಂಪನಿ ನಡೆಯುತ್ತದೆಯೇ? ಇನ್ನು ಮೇಲೆ ಈ ಕೂಗಾಟ ಬೇಡ. ಅಕ್ಕಪಕ್ಕದವರಿಗೂ ನೆಮ್ಮದಿ.

ಮಂಗಳವಾರ, ಏಪ್ರಿಲ್ 16

ಸಮಯವಿಲ್ಲ ತಂಗಿ, ಚುಟುಕಾಗಿ.

ಬೆಳಿಗ್ಗೆ: ಗುಬ್ಬಿಯಲ್ಲಿ ಮೀಟಿಂಗ್. ಮಧ್ಯಾಹ್ನ: ನವಿಲಿನಲ್ಲಿ ಮೀಟಿಂಗ್. "ಯೋಚನೆ" ಚೌಕ ಮುಂದಕ್ಕೆ ಹೋಯಿತು, ಬಜೆಟ್ ಮೀಟಿಂಗ್ ಆ ಜಾಗಕ್ಕೆ ಬಂತು.

ಹಾಸಿಗೆ ಅಂಗಡಿಯವರು ಎರಡು ಸಲ ಫೋನ್ ಮಾಡಿದ್ದರು. ಮೇಲ್ ಕಳಿಸಿ ಎಂದೆ. ಅವರಿಗೆ ಮೇಲ್ ಬರುವುದಿಲ್ಲ.

ಮನೆ: ಒಂದು ವೇಳಾಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದ್ದೇನೆ. ತರಕಾರಿ ಇವರು, ಬಟ್ಟೆ ಇವರು, ಬಾಗಿಲು ತೆಗೆಯುವುದು ಇವರು. ಇವರು ಏನೋ ಹೇಳಲು ಬಂದರು. ಭಾನುವಾರ ಒಟ್ಟಿಗೆ ಕೂತು ಎಲ್ಲ ವಿಷಯ ತೆಗೆದುಕೊಳ್ಳೋಣ ಎಂದೆ.

ಇವರಿಗೆ ಈಚೆಗೆ ಮರೆವು. ಸ್ನಾನಕ್ಕೆ ಹೋದಾಗ ಬಚ್ಚಲ ಬಾಗಿಲನ್ನು ಪೂರ್ತಿ ಹಾಕುವುದಿಲ್ಲ, ನಲ್ಲಿಯನ್ನೂ ಸಣ್ಣಗೆ ಬಿಡುತ್ತಾರೆ. ಬಚ್ಚಲ ಹೊರಗೆಲ್ಲ ನೀರು.

ಭಾನುವಾರ, ಏಪ್ರಿಲ್ 21

ಖಾಯಂ ಆಗುವವರೆಗೆ ಕಾಯಲು ನನ್ನಿಂದಾಗಲಿಲ್ಲ. ಕಾರ್ಡು ಹಾಕಿಕೊಂಡೇ ವಾರಗಿತ್ತಿಯ ಮನೆಗೆ ಊಟಕ್ಕೆ ಹೋದೆ. ಮರೆತು ಹಾಕಿಕೊಂಡು ಬಂದವಳ ಹಾಗೆ "ಅಯ್ಯೋ, ಇದು ಕೊರಳಲ್ಲೇ ಇದೆಯಲ್ಲ!" ಎಂದೆ. ತಟ್ಟೆಯ ಮೇಲೆ ತೂಗಿ ಅದಕ್ಕೂ ಒಂದು ತುತ್ತು ಬಿತ್ತು. ವಾರಗಿತ್ತಿ ಒರೆಸುವ ನೆಪದಲ್ಲಿ ಪೂರ್ತಿ ಓದಿದಳು. ಆ ಮುಖ ನೋಡಬೇಕಿತ್ತು ನೀನು, ಹಸಿ ನೆಲ್ಲಿಕಾಯಿ ಕಚ್ಚಿದ ಹಾಗೆ!

ಬೀಗಿತ್ತಿ ಬಲು ಗೌರವದಿಂದ ಮಾತಾಡಿಸಿದರು. ಏನು ಕೆಲಸ, ಎಷ್ಟು ದೂರ, ಎಲ್ಲ ಕೇಳಿ, ಕೊನೆಗೆ "ನಿಮ್ಮ ಯಜಮಾನ್ರು ಏನ್ ಮಾಡ್ತಾರೆ?" ಎಂದರು.

"ಏನೂ ಇಲ್ಲ, ಮನೇಲೇ ಇರ್ತಾರೆ" ಎಂದೆ.

ಊಟ ಬಹಳ ಚೆನ್ನಾಗಿತ್ತು. ಇವರು ಯಾಕೋ ಸರಿಯಾಗಿ ತಿನ್ನಲಿಲ್ಲ. ಎದುರಿಗೇ ಕೂತಿದ್ದರು, ಎರಡನೇ ಸಲ ಬಡಿಸಲು ಬಂದಾಗ ಕೈ ಅಡ್ಡ ಹಿಡಿದರು. ಅಜೀರ್ಣವಿರಬೇಕು. ಬರುವಾಗ ಬಸ್ಸಿನಲ್ಲಿ ನಾನೇ ಮಾತಾಡಿದೆ, ಇವರಿಗೆ ಕೇಳಿಸಿತೋ ಇಲ್ಲವೋ.

ಸೋಮವಾರ, ಮೇ 6

ಆಫೀಸಿನ ಗಾಳಿ ಬದಲಾಗಿದೆ. ಪಯಣದ ಸಾಲು ಮೇಲಿನವರಿಗೆ ಹಿಡಿಸಲಿಲ್ಲ. ಚಪ್ಪಾಳೆ ತಟ್ಟಿದ ಏಳು ಜನರೂ "ನಂಗೆ ಅವತ್ತೇ ಅನ್ನಿಸಿತ್ತು" ಎಂದು ಕೈ ತೊಳೆದುಕೊಂಡರು. ಶುಕ್ರವಾರ ಫ್ಯಾನಿನ ಯಜಮಾನರು ಬರುತ್ತಾರೆ. ಸಾಲಿನ ಜಾಗ ಖಾಲಿ. "ಅಮ್ಮಾ, ಇದು ನಿಮ್ಮ ಕೈಲಿದೆ" ಎಂದು ಬೋರ್ಡಮ್ಮ ಗೋಡೆಯ ಮೇಲೆ ನನ್ನ ಹೆಸರು ಬರೆದು ಸುತ್ತ ಗೆರೆ ಎಳೆದಳು. ಖಾಯಂ ಎಂಬುದು ಆ ಗೆರೆಯ ಒಳಗೇ ಇದೆ.

ತಲೆಯಲ್ಲಿ ಒಂದು ಸಾಲೂ ಇಲ್ಲ. ಮೂರು ಗಂಟೆಯ ಚೌಕದಲ್ಲಿ ಮೌಸ್ ಅಲ್ಲಾಡಿಸಿ ಅಲ್ಲಾಡಿಸಿ ಮಣಿಕಟ್ಟು ನೋವು ಬಂತು.

ಫ್ಯಾನಿನವರು ನೋಡಲೆಂದು ನಮಗೆಲ್ಲ ಒಂದೊಂದು ಫ್ಯಾನು ಕೊಟ್ಟಿದ್ದಾರೆ. ನಮ್ಮದನ್ನು ನಿನ್ನೆ ಬಂದು ಕೂರಿಸಿದರು. ಹಳೆಯದು ಕಟಕಟ ಎನ್ನುತ್ತಿತ್ತು, ಎಷ್ಟರಮಟ್ಟಿಗೆಂದರೆ ಅದು ಇವರ ಕಿವಿಗೂ ಕೇಳಿಸುತ್ತಿತ್ತು. ಆ ಸದ್ದಿಗೇ ಇವರಿಗೆ ನಿದ್ದೆ. ಇವತ್ತು ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದೆ. ಇವರು ಆ ಫ್ಯಾನಿನ ಕೆಳಗೇ ಪೇಪರ್ ಹಿಡಿದು ಕೂತು, ಹಾರುವ ಹಾಳೆಯನ್ನು ಕೈಯಲ್ಲಿ ಅದುಮುತ್ತಾ ಕೂಗಿದರು:

"ಲೇ, ಫ್ಯಾನ್ ಹಾಕಿದೀಯೇನೇ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ತಲೆ ಎತ್ತಿ ನೋಡಬಾರ್ದಾ?" ಎಂದು ಓಡಿದೆ. ಬಸ್ಸು ಸಿಗಲಿಲ್ಲ.

ಬುಧವಾರ, ಮೇ 8

ಆಫೀಸಿನಲ್ಲೊಂದು ಪದ್ಧತಿ ಇದೆ. ಚಿತ್ರ, ಬಣ್ಣ ಎಲ್ಲ ಸಿದ್ಧವಾಗಿ ಸಾಲು ಮಾತ್ರ ಬಾಕಿಯಿದ್ದರೆ, ಆ ಜಾಗದಲ್ಲಿ ಬಾಯಿಗೆ ಬಂದದ್ದನ್ನು ತುಂಬಿಸಿಡುತ್ತಾರೆ. ಉತ್ತುತ್ತಿ ಸಾಲು ಅನ್ನುತ್ತೇನೆ ನಾನು, ಮಕ್ಕಳಾಟದ ಸುಳ್ಳುಸುಳ್ಳೇ ಸಾಲು. ಹೆರಿಗೆಗೆ ಹೋದ ಹುಡುಗಿ "ಅಆಇಈ" ಎಂದು ತುಂಬಿಸುತ್ತಿದ್ದಳಂತೆ. ನಾನು ತಲೆಕೆಟ್ಟು, ನಾಲಿಗೆ ತುದಿಯಲ್ಲಿ ಎರಡು ದಿನದಿಂದ ಕುಟುಕುತ್ತಿದ್ದ ಆ ಮಾತನ್ನೇ ಬೂದು ಬಣ್ಣದಲ್ಲಿ ತುಂಬಿಸಿದೆ. ಆಮೇಲೆ ಬದಲಾಯಿಸಿದರಾಯಿತು.

ರಿವ್ಯೂ ಆಯಿತು. ಏಳು ಜನರೂ ಚಿತ್ರದ ಬಣ್ಣ ಬದಲಾಯಿಸಿದರು, ಫ್ಯಾನನ್ನು ಎಡಕ್ಕೆ ಸರಿಸಿ ಮತ್ತೆ ಬಲಕ್ಕೆ ತಂದರು, ಕೆಳಗಿನ ಫೋನ್ ನಂಬರನ್ನು ದಪ್ಪ ಮಾಡಿದರು. ಉತ್ತುತ್ತಿ ಸಾಲಿನ ಮೇಲೆ ಯಾರ ಕಣ್ಣೂ ಬೀಳಲಿಲ್ಲ. ಅದು ಸಾಲೇ ಅಲ್ಲವಲ್ಲ.

ಹೊಸದು ಇನ್ನೂ ಹೊಳೆದಿಲ್ಲ.

ಶುಕ್ರವಾರ, ಮೇ 10

ತಂಗಿ, ಇವತ್ತು ಏನಾಯಿತು ಗೊತ್ತೇ? ಮೊದಲಿನಿಂದ ಹೇಳುತ್ತೇನೆ.

ನಿನ್ನೆ ರಾತ್ರಿಯವರೆಗೆ ಕೂತು ಒಂದು ಸಾಲು ಬರೆದು ಬೋರ್ಡಮ್ಮನಿಗೆ ಕಳಿಸಿದ್ದೆ. ಸಪ್ಪೆಯದು, ಆದರೂ ಸಾಲು. ಅವಳು ಅದನ್ನು ಕ್ಯಾಲೆಂಡರಪ್ಪನಿಗೆ ಕಳಿಸಿದಳು. ಆಂಟಿ ಹಾಕುತ್ತಾರೆ ಎಂದು ಅವನು ಅಂದುಕೊಂಡ. ನಾನು ಅವನು ಹಾಕುತ್ತಾನೆ ಅಂದುಕೊಂಡೆ. ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಎನ್ನುತ್ತಾರಲ್ಲ, ಹಾಗೆ.

ಹದ್ದಿನ ಕೋಣೆಯಲ್ಲಿ ಕಿಟಕಿಯ ಪರದೆ ಎಳೆದರು. ಫ್ಯಾನಿನ ಯಜಮಾನರು ವಯಸ್ಸಾದವರು, ಒಂದು ಮಾತೂ ಆಡದ ಮನುಷ್ಯ. ಗೋಡೆಯ ಮೇಲೆ ಚಿತ್ರ ಬಂತು. ಅದರ ಮಧ್ಯೆ ಆಳೆತ್ತರದ ಅಕ್ಷರದಲ್ಲಿ:

"ಲೇ, ಫ್ಯಾನ್ ಹಾಕಿದೀಯೇನೇ?"

ಬೋರ್ಡಮ್ಮ ನನ್ನನ್ನು ನೋಡಿದಳು. ನಾನು ಕ್ಯಾಲೆಂಡರಪ್ಪನನ್ನು ನೋಡಿದೆ. ಅವನು ನೆಲವನ್ನು ನೋಡಿದ. ಭೂಮಿ ಬಾಯಿಬಿಡಲಿಲ್ಲ, ಕಾರ್ಡು ಮುಟ್ಟಿಸಿದರೆ ಬಿಡುತ್ತಿತ್ತೇನೋ. ನನ್ನ ಖಾಯಂ ಕೆಲಸ ಆ ತಿರುಗುವ ಕುರ್ಚಿಯ ಮೇಲೆ ಕೂತು ದೂರ ತಿರುಗಿ ಹೋಗುತ್ತಿರುವುದು ಕಣ್ಣಿಗೆ ಕಟ್ಟಿದ ಹಾಗಾಯಿತು.

ಯಜಮಾನರು ಅದನ್ನು ಓದಿದರು. ನಿಧಾನವಾಗಿ ತಲೆಯೆತ್ತಿ ಚಾವಣಿ ನೋಡಿದರು. ಅಲ್ಲಿ ಅವರದೇ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು. ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಕೊನೆಗೆ ನಗು ಹೊರಗೆ ಬಂತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಮನೇಲಿ ನಾನು ದಿನಾ ಕೇಳ್ತೀನಿ ಇದನ್ನ. ನನ್ನ ಹೆಂಡ್ತಿ ಬೈತಾಳೆ, ನಿಮ್ಮ ಫ್ಯಾನು ನಿಮಗೇ ಗೊತ್ತಾಗಲ್ವಾ ಅಂತ" ಎಂದರು. "ಇಷ್ಟೇ ಸಾಕು. ಒಂದಕ್ಷರ ಸೇರಿಸ್ಬೇಡಿ. ಬರೆದವರು ಯಾರು?"

"ನಮ್ಮ ಟೀಮು" ಎಂದಳು ಬೋರ್ಡಮ್ಮ. ಅಷ್ಟು ಬೇಗ ಸಾವರಿಸಿಕೊಂಡಳು, ಮೆಚ್ಚಬೇಕಾದ್ದೇ.

"ಟೀಮಲ್ಲಿ ಯಾರು?"

"ನಮ್ಮ ಮನೆಯವರು" ಎಂದೆ ನಾನು. ಬಾಯಿಂದ ಬಂದುಹೋಯಿತು.

"ಓಹೋ. ಅವರೇನ್ ಮಾಡ್ತಾರೆ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದೆ. ಅಲ್ಲಿ ಒಂದು ಉತ್ತರ ಸಿದ್ಧವಾಗಿ ಕೂತಿತ್ತು. ಅದು ವಾರಗಿತ್ತಿಯ ಧ್ವನಿಯಲ್ಲಿತ್ತು. ನುಂಗಿಕೊಂಡೆ.

"ನನ್ನ ಜೊತೆ ಕೆಲಸ ಮಾಡ್ತಾರೆ" ಎಂದೆ.

ಹಾಗೇಕೆ ಹೇಳಿದೆನೋ ಗೊತ್ತಿಲ್ಲ. ಗಿರಾಕಿಯ ಮುಂದೆ ಏನಾದರೊಂದು ಹೇಳಬೇಕಲ್ಲ.

ಶನಿವಾರ, ಮೇ 11

ಬೆಳಿಗ್ಗೆ ಕಾಫಿ ಕೊಡುತ್ತಾ ಇವರಿಗೆ ಎಲ್ಲ ಹೇಳಿದೆ. ಕಿವಿಯ ಹತ್ತಿರ ಬಾಗಿ ಎರಡು ಸಲ ಹೇಳಬೇಕಾಯಿತು, ಮೊದಲನೆಯ ಸಲ ನಂಬಲಿಲ್ಲ.

"ನಾನು ಅಂದಿದ್ದು ಫ್ಯಾನಿಗಲ್ವೇ, ನಿನಗೆ" ಎಂದರು.

"ಗೊತ್ತು."

"ನೀನು ಉತ್ತರಾನೇ ಕೊಡಲಿಲ್ಲ ಅವತ್ತು."

"ಈಗ ಕೊಡ್ತಿದೀನಲ್ಲ. ಹಾಕಿದೀನಿ."

ನಕ್ಕರು. ಕಾಫಿ ಕಪ್ಪಿನ ಕೆಳಗಿನ ಬಸಿಗೆ ಚೆಲ್ಲಿತು. ಆಮೇಲೆ ಸ್ನಾನಕ್ಕೆ ಹೋದವರು ಎಂದಿನಂತೆ ಬಾಗಿಲನ್ನು ಅರ್ಧ ಬಿಟ್ಟರು.

"ಬಾಗಿಲು ಹಾಕ್ಬಾರ್ದಾ? ಒಂದು ತಿಂಗಳಿಂದ ನೆಲ ಒರೆಸಿ ಸಾಕಾಯ್ತು!" ಎಂದು ಕೂಗಿದೆ.

"ಏನಾದ್ರೂ ಕೂಗ್ತೀಯೇನೋ ಅಂತ" ಎಂದರು ಒಳಗಿನಿಂದ. "ಮೆಲ್ಲಗೆ ಹೇಳಿದ್ರೆ ಕೇಳಿಸ್ಲಿ ಅಂತ."

ನಾನು ಒರೆಸುವ ಬಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಪಾದ ಒದ್ದೆಯಾಯಿತು.

ಫ್ರಿಜ್ಜಿನ ಮೇಲಿನ ವೇಳಾಪಟ್ಟಿ ಹಳೆಯದಾಗಿತ್ತು, ತೆಗೆದು ಹಾಕಿದೆ.

ಬುಧವಾರ, ಮೇ 22

ಬೋರ್ಡಮ್ಮ ಗುಬ್ಬಿ ಕೋಣೆಗೆ ಕರೆದಳು. ಖಾಯಂ ಆಗಿದೆ. ಕಾಗದ ಮೇಜಿನ ಮೇಲಿತ್ತು. ಫ್ಯಾನಿನವರು ಇನ್ನೂ ಎರಡು ಸಾಮಾನು ಕೊಟ್ಟಿದ್ದಾರಂತೆ, ಸಾಲು ನಾನೇ ಬರೆಯಬೇಕಂತೆ.

ಆಸೆಯಾಗಲಿಲ್ಲ ಎಂದರೆ ನಾಲಿಗೆ ಸೀಳೀತು. ಪೆನ್ನು ತೆಗೆದುಕೊಂಡೆ. ಆಮೇಲೆ ಕೆಲಸದ ಯೋಚನೆ ಬಂತು.

"ಒಂದು ಕೇಳ್ಲಾ ಮಗಳೇ? ನಮ್ಮನೆಯವರನ್ನೂ ಕರ್ಕೊಂಡು ಬರಬಹುದಾ?"

"ಅಯ್ಯೋ, ಬರಲಿ ಅಮ್ಮಾ, ಒಂದಿನ ಎಲ್ಲರಿಗೂ ಪರಿಚಯ ಮಾಡ್ಸಿ."

"ಒಂದಿನ ಅಲ್ಲ, ದಿನಾ."

"ದಿನಾ? ಅವರನ್ನ ಎಲ್ಲಿ ಕೂರಿಸೋದು?"

"ಬಚ್ಚಲಲ್ಲಿ."

ಪಾಪ, ಹುಡುಗಿ ಹೆದರಿದಳು. ಆಗ ಕೂತು ಎಲ್ಲ ಬಿಡಿಸಿ ಹೇಳಿದೆ, ಯಂತ್ರ ತಿಂದ ಕಿವಿ, ನೀರು, ಬಾಗಿಲು, ನೀಲಿ ಟವೆಲು. ಮೊದಲು ನಕ್ಕಳು. ಆಮೇಲೆ ಎಂದಿನ ಹಾಗೆ ಎದ್ದು ಗೋಡೆಯ ಹತ್ತಿರ ಹೋದಳು. ಗುಬ್ಬಿ ಕೋಣೆಯ ಗೋಡೆ ಸಣ್ಣದು. "ಅಮ್ಮ, ಮನೆಯವರು, ಬಾಗಿಲು" ಎಂದು ಬರೆದು ಅದನ್ನೇ ನೋಡುತ್ತಾ ನಿಂತಳು.

"ಇಲ್ಲಿ ಏಳು ಜನ ಇದಾರೆ, ಅಲ್ಲಿ ಒಬ್ಬರೇ" ಎಂದಳು.

"ಅವರಿಗೂ ಅರ್ಧವೇ ಕೇಳ್ಸೋದು" ಎಂದೆ.

ಮನೆಯಿಂದಲೇ ಬರೆದುಕೊಡಿ, ಸಾಲು ನೇರ ನನಗೇ ಬರಲಿ, ಹದ್ದಿನ ಕೋಣೆಗೆ ಕಳಿಸುವುದಿಲ್ಲ ಎಂದು ಒಪ್ಪಿದಳು. "ಆದ್ರೆ ಹೊರಗಿನಿಂದ ಬರೆಯೋರಿಗೆ ಕಾರ್ಡು ಕೊಡಲ್ಲ ಅಮ್ಮಾ" ಎಂದು ಮೆತ್ತಗೆ ಹೇಳಿದಳು. ನಾನು ಆ ಕಾರ್ಡನ್ನು ಹೇಗೆ ಸವರುತ್ತಿರುತ್ತೇನೆ ಎಂದು ನೋಡಿದ್ದಳೇನೋ.

ಶುಕ್ರವಾರ, ಮೇ 31

ಕಾರ್ಡು ವಾಪಸ್ ಕೊಟ್ಟೆ. ಕೊಡುವ ಮುಂಚೆ ಒಮ್ಮೆ ಹೊರಗೆ ಹೋಗಿ ಒಳಗೆ ಬಂದೆ. ಕಾವಲಿನವರು ಈ ಸಲ ಏನೂ ಕೇಳಲಿಲ್ಲ, ಎದ್ದು ನಿಂತರು.

ಕ್ಯಾಲೆಂಡರಪ್ಪನಿಗೆ ದುಃಖವಾಯಿತು. "ನಿಮ್ಮ ಮೂರು ಗಂಟೆ ಚೌಕ ತೆಗೀಲಾ ಆಂಟಿ?" ಎಂದ. ಬೇಡ ಕಣೋ, ಇರಲಿ, ಮನೆಯಲ್ಲೂ ಯಾರಾದರೂ ಕರೆದರೆ ಇದನ್ನೇ ಹೇಳುತ್ತೇನೆ ಎಂದೆ. ಭಾನುವಾರವನ್ನೂ ಆಫೀಸಿನಿಂದ ಮನೆಗೆ ತಂದಿದ್ದೇನೆ. ಹಾಸಿಗೆ ಅಂಗಡಿಯವರಿಗೆ ಫೋನ್ ಮಾಡಿ, ಊಟದ ಹೊತ್ತಲ್ಲಿ ಮಾಡಬೇಡಿ, ಮೇಲ್ ಬೇಡ, ಆದರೆ ಭಾನುವಾರವೂ ಬೇಡ ಎಂದೆ. "ಬದುಕಿದೀರಲ್ಲ, ಅಷ್ಟು ಸಾಕು" ಎಂದರು.

ಕೊರಳು ಒಂದು ನಮೂನೆ ಹಗುರ. ಒಂದು ನಮೂನೆ ಬೋಳು. ಎರಡೂ ನಿಜ.

ಸೋಮವಾರ, ಜೂನ್ 3

ಅಡುಗೆಮನೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದೆ. ಈ ಸಲ ಒಂದು ಇಸ್ತ್ರಿಪೆಟ್ಟಿಗೆಯ ಸಾಲು. ಹೊಳೆಯುವ ಹಾಗಿತ್ತು, ಹೊಳೆದಿರಲಿಲ್ಲ. ಹಜಾರದಲ್ಲಿ ಫೋನು ಬಡಿದುಕೊಂಡಿತು. ಇವರು ತೆಗೆದುಕೊಂಡರು. ಇವರಿಗೆ ಕೇಳಿಸಲೆಂದು ಫೋನಿನ ಧ್ವನಿ ಯಾವಾಗಲೂ ಏರಿಸಿಯೇ ಇರುತ್ತದೆ. ವಾರಗಿತ್ತಿ ನನ್ನ ಪಕ್ಕದಲ್ಲೇ ಕೂತು ಮಾತಾಡಿದ ಹಾಗಿತ್ತು.

"ಭಾವ, ಅಕ್ಕ ಇದಾಳಾ? ನಂದೊಂದು ಕೊರಿಯರ್ ಬರುತ್ತೆ, ತಗೊಂಡಿಡೋಕೆ ಹೇಳಿ."

"ಅವಳು ಕೆಲಸದಲ್ಲಿದಾಳೆ."

"ಕೆಲಸ ಬಿಟ್ಟಳಂತಲ್ಲ?"

"ಆಫೀಸ್ ಬಿಟ್ಟಳು. ಕೆಲಸ ಎಲ್ಲಿ ಬಿಟ್ಟಳು?"

ನನ್ನ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.

ವಾರಗಿತ್ತಿ ಅಷ್ಟಕ್ಕೆ ಬಿಡುವವಳೇ? "ಹಂಗಾದ್ರೆ ನೀವೇ ತಗೊಂಡಿಡಿ ಭಾವ. ನೀವು ಹೇಗೂ ಮನೇಲೇ ಇರ್ತೀರಲ್ಲ."

"ನಾನೂ ಕೆಲಸದಲ್ಲಿದೀನಮ್ಮಾ" ಎಂದು ಇವರು ಫೋನಿಟ್ಟರು.

ಅಡುಗೆಮನೆಯ ಬಾಗಿಲ ತನಕ ಬಂದು ಬಗ್ಗಿ ನೋಡಿದರು. ನನ್ನ ಮುಖದಲ್ಲಿ ಏನು ಕಂಡರೋ, ಹಗ್ಗದ ಮೇಲಿದ್ದ ನೀಲಿ ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೋದರು. ಬೆಳಿಗ್ಗೆಯೇ ಒಂದು ಸಲ ಸ್ನಾನವಾಗಿತ್ತು ಇವರದು.

ಬಚ್ಚಲ ಬಾಗಿಲು ಪೂರ್ತಿ ಹಾಕಿದ ಸದ್ದು ಬಂತು. ಚಿಲಕದ ಸದ್ದು ಬಂತು. ನಲ್ಲಿ ಜೋರಾಗಿ ಬಿಟ್ಟ ಸದ್ದು ಬಂತು.

"ಹೂಂ," ಎಂದು ಒಳಗಿನಿಂದ ಕೂಗಿದರು, "ಹೇಳು!"